ಕೇಸ್ ಷೀಟಿನಲ್ಲಿ ‘ಎಲ್‌ಬಿಎ’ ಎಂದು ಬರೆಯುವ ಮುನ್ನ

ಎಲ್ಲರಿಗೂ ನಮಸ್ಕಾರ.

ಸೋಮವಾರದಿಂದ ನಿಮಗೆ ಪೋಸ್ಟಿಂಗ್ ಶುರು. ಈ ಹಾಲ್‌ನಲ್ಲಿ ಫಿಸಿಯೋಥೆರಪಿಯವರಿದ್ದೀರಿ, ನರ್ಸಿಂಗ್‌ನವರಿದ್ದೀರಿ, ಎಂಬಿಬಿಎಸ್‌ನವರೂ ಇದ್ದೀರಿ. ಮೂರೂ ಕಡೆಯವರನ್ನು ಒಟ್ಟಿಗೆ ಕೂರಿಸಿ ಎಂದು ನಾನೇ ಕೇಳಿಕೊಂಡೆ. ಇವತ್ತು ನಾನು ಹೇಳಲಿರುವ ರೋಗಿ ನಿಮ್ಮೆಲ್ಲರಿಗೂ ಸಿಗುತ್ತಾರೆ. ಮೊದಲ ವಾರವೇ ಸಿಗುತ್ತಾರೆ. ಅವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಒಳಗೆ ಮಡಿಚಿ ಮಡಿಚಿ ಹರಿದುಹೋದ ಚೀಟಿಗಳು, ಎರಡು ಮೂರು ಎಕ್ಸ್‌ರೇ, ಸಾಲ ಮಾಡಿ ತೆಗೆಸಿದ ಒಂದು ಎಂಆರ್‌ಐ. ಅವರು ಇನ್ನೂ ಕುರ್ಚಿಯಲ್ಲಿ ಕೂತಿರುವುದಿಲ್ಲ, ನೀವು ಆಗಲೇ ಬರೆದು ಮುಗಿಸಿರುತ್ತೀರಿ: ‘ಎಲ್‌ಬಿಎ, 6 ವರ್ಷ’. ಲೋ ಬ್ಯಾಕ್ ಏಕ್. ಸೊಂಟ ನೋವು.

ಆ ಮೂರು ಅಕ್ಷರ ಬರೆದ ಕೂಡಲೇ ನಿಮ್ಮ ಮನಸ್ಸಿನೊಳಗೆ ಏನೋ ಒಂದು ತೀರ್ಮಾನ ಆಗಿಬಿಟ್ಟಿರುತ್ತದೆ. ಆ ತೀರ್ಮಾನ ಎಲ್ಲಿಂದ ಬಂತು, ಅದು ಆ ರೋಗಿಗೆ ಏನು ಮಾಡುತ್ತದೆ ಅನ್ನುವುದೇ ಇವತ್ತಿನ ವಿಷಯ. ನಾನು ಮಾಡಿದ ಎರಡು ತಪ್ಪುಗಳನ್ನು ನಿಮ್ಮ ಮುಂದೆ ಇಡುತ್ತೇನೆ. ಎರಡೂ ಹಳೆಯವು. ಆದರೂ ಈಗಲೂ ಪ್ರತಿ ಬ್ಯಾಚಿನಲ್ಲೂ ನಾನು ಅವನ್ನು ನೋಡುತ್ತಿದ್ದೇನೆ.

ಆಗ ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಇಂಟರ್ನ್. ಒಪಿಡಿಗೆ ಒಬ್ಬ ಹೆಂಗಸು ಬಂದರು. ಮೂವತ್ತೈದರ ಆಸುಪಾಸು. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮೆಷಿನ್ ಮುಂದೆ ಕೆಲಸ. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ಐದಾರು ವರ್ಷದಿಂದ ಸೊಂಟ ನೋವು. ನಾನು ಅವರನ್ನು ಕರೆಯುವ ಮೊದಲು ಕಾರಿಡಾರಿನಲ್ಲಿ ನೋಡಿದ್ದೆ. ಪಕ್ಕದಲ್ಲಿ ಕೂತಿದ್ದವರ ಜೊತೆ ಏನೋ ಹೇಳಿಕೊಂಡು ಜೋರಾಗಿ ನಗುತ್ತಿದ್ದರು. ಒಳಗೆ ಬಂದು ಮಂಚ ಹತ್ತುವಾಗ ಮಾತ್ರ ಮುಖ ಕಿವಿಚಿಕೊಂಡರು. ಎಕ್ಸ್‌ರೇ ನಾರ್ಮಲ್ ಇತ್ತು.

ಆ ತಿಂಗಳು ನಾವು ಕ್ಲಾಸಿನಲ್ಲಿ ವ್ಯಾಡೆಲ್ ಚಿಹ್ನೆಗಳನ್ನು ಓದಿದ್ದೆವು. ಸೊಂಟ ನೋವಿಗೆ ದೇಹದ ಪೆಟ್ಟೊಂದೇ ಕಾರಣವಲ್ಲ ಎಂದು ಸೂಚಿಸುವ, ಪರೀಕ್ಷೆ ಮಾಡುವಾಗ ಸಿಗುವ ಗುರುತುಗಳು ಅವು. ನಿಮಗೂ ಪಾಠ ಆಗಿದೆ ಅಲ್ವಾ? ನಾನು ಅವರ ತಲೆಯ ಮೇಲೆ ಮೆಲ್ಲಗೆ ಒತ್ತಿದೆ. ಸೊಂಟ ನೋಯುತ್ತದೆ ಎಂದರು. ಅಷ್ಟು ಮೆಲ್ಲಗೆ ಒತ್ತಿದರೆ ಸಾಮಾನ್ಯವಾಗಿ ಸೊಂಟ ನೋಯುವುದಿಲ್ಲ. ನನಗೆ ಏನೋ ಕಂಡುಹಿಡಿದಷ್ಟು ಖುಷಿಯಾಯಿತು. ಸೀನಿಯರ್ ಹತ್ತಿರ ಹೋಗಿ, ‘ಫಂಕ್ಷನಲ್ ಇರಬೇಕು, ಹೊರಗೆ ನಗ್ತಾ ಇದ್ರು, ಇಲ್ಲಿ ನಾಟಕ’ ಎಂದೆ. ಫಂಕ್ಷನಲ್ ಎಂದರೆ ದೇಹದಲ್ಲಿ ಕಾರಣ ಸಿಗದ ನೋವು. ಅವರೂ ತಲೆಯಾಡಿಸಿದರು. ನಾನು ಹೇಳಿದ್ದು ಇಂಗ್ಲಿಷಿನಲ್ಲಿ. ಆದರೆ ‘ನಾಟಕ’ ಅನ್ನುವ ಪದ ಕನ್ನಡದಲ್ಲೇ ಬಂದಿತ್ತು. ಆ ಹೆಂಗಸು ಅದನ್ನು ಕೇಳಿಸಿಕೊಂಡಿದ್ದರು. ಹೋಗುವಾಗ ನನ್ನ ಹತ್ತಿರ ಬಂದು ಒಂದೇ ಮಾತು ಕೇಳಿದರು: ‘ಮೇಡಂ, ನಗೋದು ಬಿಟ್ರೆ ನೋವು ಕಮ್ಮಿ ಆಗುತ್ತಾ?’

ಮತ್ತೆ ಅವರು ಬರಲಿಲ್ಲ. ನೋವು ಕಡಿಮೆಯಾಗಿ ಬರಲಿಲ್ಲವೋ, ನಮ್ಮ ಮುಖ ನೋಡುವುದು ಬೇಡ ಎಂದು ಬರಲಿಲ್ಲವೋ, ನನಗೆ ಗೊತ್ತಾಗಲೇ ಇಲ್ಲ.

ವ್ಯಾಡೆಲ್ ಬಗ್ಗೆ ಇಲ್ಲೇ ಒಂದು ವಿಷಯ ಹೇಳಿಬಿಡುತ್ತೇನೆ. ಗಾರ್ಡನ್ ವ್ಯಾಡೆಲ್ ಸ್ಕಾಟ್‌ಲೆಂಡಿನ ಮೂಳೆ ಶಸ್ತ್ರವೈದ್ಯರು. ಅವರು ಮತ್ತು ಜೊತೆಗಾರರು ಈ ಚಿಹ್ನೆಗಳನ್ನು 1980ರಲ್ಲಿ ಪ್ರಕಟಿಸಿದರು. ಅವರ ಉದ್ದೇಶ ಬೇರೆ ಇತ್ತು. ಈ ವ್ಯಕ್ತಿಗೆ ಆಪರೇಷನ್ ಒಂದೇ ಸಾಕಾಗುವುದಿಲ್ಲ, ಭಯ ಮತ್ತು ಸಂಕಟದ ಕಡೆಗೂ ನೋಡಬೇಕು ಎಂದು ತಿಳಿಯುವುದಕ್ಕೆ ಅದೊಂದು ದಾರಿ. ಜನ ಅದನ್ನು ಸುಳ್ಳು ಹಿಡಿಯುವ ಯಂತ್ರ ಮಾಡಿಕೊಂಡರು. 1998ರಲ್ಲಿ ಕ್ರಿಸ್ ಮೇನ್ ಜೊತೆ ಸೇರಿ ವ್ಯಾಡೆಲ್ ಅವರೇ ಇದನ್ನು ಬಿಡಿಸಿ ಬರೆದರು: ಈ ಚಿಹ್ನೆ ಸಿಕ್ಕರೆ ರೋಗಿ ನಟಿಸುತ್ತಿದ್ದಾರೆ ಎಂದು ಅರ್ಥವಲ್ಲ. ಒಂದೇ ಒಂದು ಚಿಹ್ನೆಗಂತೂ ಬೆಲೆಯೇ ಇಲ್ಲ. ನಾನು ತೀರ್ಪು ಕೊಟ್ಟಿದ್ದು ಆ ಒಂದೇ ಚಿಹ್ನೆಯ ಮೇಲೆ.

ಎರಡನೆಯ ತಪ್ಪು ನನಗೆ ಇನ್ನೂ ಜಾಸ್ತಿ ಕಾಡುತ್ತದೆ. ಯಾಕೆಂದರೆ ಅದನ್ನು ನಾನು ತುಂಬಾ ಪ್ರೀತಿಯಿಂದ ಮಾಡಿದೆ.

ಕೆಲಸಕ್ಕೆ ಸೇರಿ ಎರಡನೇ ವರ್ಷ. ಮಲೆನಾಡಿನ ಕಡೆಯ ಅಡಿಕೆ ಬೆಳೆಗಾರರು ಒಬ್ಬರು ಬಂದರು. ಐವತ್ತು ದಾಟಿತ್ತು. ಸೊಪ್ಪಿನ ಹೊರೆ ಹೊತ್ತು, ಗೊಬ್ಬರದ ಬುಟ್ಟಿ ಹೊತ್ತು ಬದುಕಿದ ಮನುಷ್ಯ. ಎಂಆರ್‌ಐನಲ್ಲಿ ಎರಡು ಕಡೆ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಉಬ್ಬಿದೆ ಎಂದು ಬರೆದಿತ್ತು. ಕಾಲಿನಲ್ಲಿ ಶಕ್ತಿ ಚೆನ್ನಾಗಿತ್ತು, ಸ್ಪರ್ಶವೂ ಸರಿ ಇತ್ತು. ಗಾರ್ಮೆಂಟ್ಸ್ ಹೆಂಗಸಿಗೆ ಮಾಡಿದ್ದನ್ನು ಇವರಿಗೆ ಮಾಡಬಾರದು ಎಂದು ನಿಶ್ಚಯ ಮಾಡಿದ್ದೆ. ಅರ್ಧ ಗಂಟೆ ಕೂತು ಕೇಳಿದೆ. ನಂಬಿದೆ. ಆಮೇಲೆ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿ, ‘ನೋಡಿ, ಇಲ್ಲಿ ಜಾರಿದೆ, ಇಲ್ಲಿ ಸವೆದಿದೆ. ಇನ್ನು ಬಗ್ಗಬೇಡಿ, ಭಾರ ಎತ್ತಬೇಡಿ, ನೆಲದ ಮೇಲೆ ಕೂರಬೇಡಿ’ ಎಂದೆ. ಬೆಲ್ಟ್ ಕೊಡಿಸಿದೆ. ನೋವು ಬಂದ ಕೂಡಲೇ ಕೆಲಸ ನಿಲ್ಲಿಸಿ ಮಲಗಿ ಎಂದೆ.

ಎಂಟು ತಿಂಗಳಾದ ಮೇಲೆ ಮಗನ ಜೊತೆ ಬಂದರು. ನನಗೆ ಮೊದಲು ಗುರುತೇ ಸಿಗಲಿಲ್ಲ. ಷರ್ಟಿನ ಒಳಗೆ ಅದೇ ಬೆಲ್ಟ್, ಬೆವರಿಗೆ ಕಪ್ಪಾಗಿತ್ತು. ಮಲಗುವಾಗ ಬಿಟ್ಟರೆ ಬಿಚ್ಚಿರಲಿಲ್ಲ. ತೋಟಕ್ಕೆ ಇಳಿಯುವುದು ನಿಂತಿತ್ತು. ಹಸುಗಳನ್ನು ಮಾರಿದ್ದರು. ಮದುವೆ ಮನೆಗೆ ಹೋಗುವುದೂ ಬಿಟ್ಟಿದ್ದರು, ಪಂಕ್ತಿಯಲ್ಲಿ ನೆಲಕ್ಕೆ ಕೂರುವ ಹಾಗಿಲ್ಲವಲ್ಲ. ಬೆಳಗಿನಿಂದ ಸಂಜೆವರೆಗೆ ಜಗಲಿಯ ಮೇಲೆ ಒಂದು ಕುರ್ಚಿ. ನೋವು ಮೊದಲಿಗಿಂತ ಜಾಸ್ತಿಯಾಗಿತ್ತು. ‘ಏನಾಯ್ತು ಯಜಮಾನ್ರೇ?’ ಎಂದೆ. ‘ನೀವು ಬಗ್ಗಬೇಡಿ ಅಂದಿದ್ರಲ್ಲಮ್ಮ, ಬಗ್ಗಿಲ್ಲ’ ಎಂದರು.

ನನ್ನ ಮಾತನ್ನು ಅಷ್ಟು ನಿಷ್ಠೆಯಿಂದ ಪಾಲಿಸಿದ ರೋಗಿ ಇನ್ನೊಬ್ಬರಿಲ್ಲ. ಅವರ ಬದುಕನ್ನು ಕುರ್ಚಿಯಷ್ಟು ಅಗಲಕ್ಕೆ ತಂದು ನಿಲ್ಲಿಸಿದ್ದು ಸೊಂಟವಲ್ಲ, ನಾನು.

ಈಗ ಈ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಒಬ್ಬರನ್ನು ನಂಬಲಿಲ್ಲ. ಇನ್ನೊಬ್ಬರನ್ನು ನಂಬಿ, ಹೆದರಿಸಿದೆ. ಮೇಲ್ನೋಟಕ್ಕೆ ಒಂದು ಕೆಟ್ಟ ವಿದ್ಯಾರ್ಥಿ, ಇನ್ನೊಂದು ಒಳ್ಳೆಯ ವಿದ್ಯಾರ್ಥಿ. ನನಗೆ ಅರ್ಥವಾಗಲು ವರ್ಷಗಳು ಹಿಡಿದವು: ಎರಡೂ ಒಂದೇ ಬೇರಿನಿಂದ ಬಂದದ್ದು. ನೋವು ಎಂದರೆ ಫಿಲ್ಮಿನಲ್ಲಿ ಕಾಣುವ ಪೆಟ್ಟು ಎಂದು ನಾನು ತಿಳಿದಿದ್ದೆ. ಫಿಲ್ಮಿನಲ್ಲಿ ಏನೂ ಕಾಣದಿದ್ದರೆ ನೋವು ಸುಳ್ಳು. ಏನಾದರೂ ಕಂಡರೆ ಸೊಂಟ ಮುರಿಯುವ ವಸ್ತು. ಬೇರು ಅಲ್ಲೇ ಇರುವ ತನಕ ‘ರೋಗಿಯ ಜೊತೆ ದಯೆಯಿಂದಿರಿ’ ಎಂದು ಎಷ್ಟು ಹೇಳಿದರೂ ನೀವು ಒಂದು ತಪ್ಪಿನಿಂದ ಇನ್ನೊಂದಕ್ಕೆ ಹೋಗುತ್ತೀರಿ, ಅಷ್ಟೇ.

ಫಿಲ್ಮಿನ ವಿಷಯಕ್ಕೆ ಬರೋಣ. 1994ರಲ್ಲಿ ಅಮೆರಿಕದಲ್ಲಿ ಸೊಂಟ ನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿದರು. ಎಲ್ಲ ಡಿಸ್ಕ್‌ಗಳೂ ನಾರ್ಮಲ್ ಇದ್ದದ್ದು 36% ಜನರಲ್ಲಿ ಮಾತ್ರ. 52% ಜನರಲ್ಲಿ ಒಂದು ಕಡೆಯಾದರೂ ಡಿಸ್ಕ್ ಉಬ್ಬಿತ್ತು. 2015ರಲ್ಲಿ ಇಂಥ 33 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. ನೋವಿಲ್ಲದ 3,110 ಜನ. ಇಪ್ಪತ್ತರ ವಯಸ್ಸಿನಲ್ಲೇ 37% ಜನರಲ್ಲಿ ಡಿಸ್ಕ್ ಸವೆತ ಕಾಣುತ್ತದೆ. ಐವತ್ತಕ್ಕೆ 80%. ಎಂಬತ್ತಕ್ಕೆ 96%. ಐವತ್ತರಲ್ಲಿ ಡಿಸ್ಕ್ ಉಬ್ಬಿರುವವರು 60%. ಮತ್ತೆ ನೆನಪಿಸುತ್ತೇನೆ, ಇವರಾರಿಗೂ ನೋವಿರಲಿಲ್ಲ. ಈ ಹಾಲ್‌ನಲ್ಲಿ ಕೂತಿರುವ ನಿಮ್ಮನ್ನೇ ಸಾಲಾಗಿ ಸ್ಕ್ಯಾನ್ ಮಾಡಿದರೆ ಮೂವರಲ್ಲಿ ಒಬ್ಬರಿಗಾದರೂ ‘ಸವೆತ’ ಸಿಗುತ್ತದೆ. ನನ್ನ ಅಡಿಕೆ ಬೆಳೆಗಾರರ ಫಿಲ್ಮಿನಲ್ಲಿ ಇದ್ದದ್ದು ಅವರ ವಯಸ್ಸು. ತಲೆ ನರೆತದ್ದನ್ನು ಯಾರಾದರೂ ತಲೆನೋವಿಗೆ ಕಾರಣ ಎನ್ನುತ್ತಾರೆಯೇ? ನಾನು ಸೊಂಟದ ವಿಷಯದಲ್ಲಿ ಅದನ್ನೇ ಹೇಳಿದ್ದೆ.

ಹಾಗಾದರೆ ನೋವು ಎಲ್ಲಿಂದ ಬರುತ್ತದೆ? ನಾನು ರೋಗಿಗಳಿಗೆ ಹೇಳುವ ಹಾಗೆಯೇ ನಿಮಗೂ ಹೇಳುತ್ತೇನೆ. ಒಂದು ಮನೆಗೆ ಒಮ್ಮೆ ಕಳ್ಳ ನುಗ್ಗಿದ್ದ. ಅವತ್ತು ನಾಯಿ ಬೊಗಳಿತು, ಸರಿಯಾಗಿಯೇ ಬೊಗಳಿತು. ಕಳ್ಳ ಹೋಗಿ ವರ್ಷವಾಯಿತು. ಈಗ ಆ ನಾಯಿ ತೆಂಗಿನ ಗರಿ ಬಿದ್ದರೂ ಬೊಗಳುತ್ತದೆ, ಹಾಲಿನವನು ಬಂದರೂ ಬೊಗಳುತ್ತದೆ. ಬೊಗಳುವುದು ಸುಳ್ಳೇ? ಅಲ್ಲ. ಮನೆಯವರ ನಿದ್ದೆ ಹಾಳಾಗುವುದು ನಿಜ. ಆದರೆ ಬೊಗಳಿದಾಗಲೆಲ್ಲ ಕಳ್ಳ ಬಂದಿದ್ದಾನೆ ಎಂದು ಬಾಗಿಲು ಹಾಕಿಕೊಂಡು ಕೂತರೆ ಬದುಕುವುದು ಹೇಗೆ? ಮೂರು ತಿಂಗಳು ದಾಟಿದ ನೋವನ್ನು ನಾವು ದೀರ್ಘಕಾಲದ ನೋವು ಎನ್ನುತ್ತೇವೆ. ಅಷ್ಟು ಹೊತ್ತಿಗೆ ಎಷ್ಟೋ ಜನರಲ್ಲಿ ಮೊದಲಿನ ಉಳುಕು ವಾಸಿಯಾಗಿರುತ್ತದೆ. ನರಗಳು ಮತ್ತು ಮೆದುಳು ಮಾತ್ರ ಆ ನಾಯಿಯ ಹಾಗೆ ಚುರುಕಾಗಿಬಿಟ್ಟಿರುತ್ತವೆ. ನಿದ್ದೆ ಕೆಟ್ಟರೆ, ಕೆಲಸ ಹೋಗುವ ಭಯ ಇದ್ದರೆ, ಮನೆಯಲ್ಲಿ ಜಗಳ ಇದ್ದರೆ ಇನ್ನೂ ಚುರುಕಾಗುತ್ತವೆ. ‘ಹಾಗಾದರೆ ಇದು ಮನಸ್ಸಿನ ಕಾಯಿಲೆ’ ಎಂದು ದಯವಿಟ್ಟು ಓದಿಕೊಳ್ಳಬೇಡಿ. ನರವೂ ಮೆದುಳೂ ದೇಹವೇ ತಾನೇ?

ನೋವಿನ ಅಧ್ಯಯನ ಮಾಡುವ ಅಂತರರಾಷ್ಟ್ರೀಯ ಸಂಘ 1979ರಲ್ಲಿ ಬರೆದಿದ್ದ ನೋವಿನ ವ್ಯಾಖ್ಯೆಯನ್ನು 2020ರಲ್ಲಿ ತಿದ್ದಿ ಬರೆಯಿತು. ಅದರ ಜೊತೆಗಿನ ಟಿಪ್ಪಣಿಗಳಲ್ಲಿ ಒಂದು ಸಾಲಿದೆ. ಒಬ್ಬ ವ್ಯಕ್ತಿ ತನಗೆ ನೋವಿದೆ ಎಂದರೆ ಆ ಮಾತಿಗೆ ಗೌರವ ಕೊಡಬೇಕು. ಪರೀಕ್ಷೆಗೆ ವ್ಯಾಖ್ಯೆ ಬಾಯಿಪಾಠ ಮಾಡುವಾಗ ಈ ಟಿಪ್ಪಣಿ ಬಿಟ್ಟುಬಿಡುತ್ತೀರಿ. ಅದನ್ನೂ ಓದಿ.

ಇನ್ನು ವಿದ್ಯಾರ್ಥಿಗಳ ಮನೋಭಾವ. ಇದನ್ನು ಅಳೆಯಬಹುದೇ? ಅಳೆದಿದ್ದಾರೆ. 1995ರಲ್ಲಿ ಅಮೆರಿಕದ ಜೇಮ್ಸ್ ರೇನ್‌ವಿಲ್ ಮತ್ತು ಜೊತೆಗಾರರು ಒಂದು ಪ್ರಶ್ನಾವಳಿ ಮಾಡಿದರು. ಹೆಸರು ಎಚ್‌ಸಿ-ಪೇರ್ಸ್. ‘ಸೊಂಟ ನೋವಿದ್ದವರು ನೋವು ಹೋಗುವ ತನಕ ಮಾಮೂಲಿ ಕೆಲಸ ಮಾಡಲಾರರು’ ಅನ್ನುವ ಧಾಟಿಯ ವಾಕ್ಯಗಳು ಅದರಲ್ಲಿವೆ. ಒಪ್ಪುತ್ತೀರಾ ಇಲ್ಲವಾ ಎಂದು ಏಳು ಹಂತದಲ್ಲಿ ಗುರುತು ಹಾಕಬೇಕು. ಅಂಕ ಜಾಸ್ತಿ ಬಂದಷ್ಟೂ ‘ನೋವಿದ್ದರೆ ಕೆಲಸ ಸಾಧ್ಯವಿಲ್ಲ’ ಎಂಬ ನಂಬಿಕೆ ಗಟ್ಟಿಯಾಗಿದೆ ಎಂದರ್ಥ. ಅಂದರೆ ನನ್ನ ಎರಡನೆಯ ತಪ್ಪನ್ನು ಅಳೆಯುವ ಅಳತೆಗೋಲು ಇದು.

ಇದನ್ನು ಬೇರೆ ಬೇರೆ ದೇಶದ ವಿದ್ಯಾರ್ಥಿಗಳಿಗೆ ಕೊಟ್ಟು ನೋಡಿದ್ದಾರೆ. ಆಸ್ಟ್ರೇಲಿಯಾದಲ್ಲಿ ಕೊನೇ ವರ್ಷದ ವಿದ್ಯಾರ್ಥಿಗಳನ್ನು ಕೋರ್ಸಿನ ಪ್ರಕಾರ ಹೋಲಿಸಿದಾಗ ಎಲ್ಲರ ನಂಬಿಕೆ ಒಂದೇ ಥರ ಇರಲಿಲ್ಲ. ಫಿಸಿಯೋಥೆರಪಿಯವರದು ರೋಗಿಗೆ ನೆರವಾಗುವ ಕಡೆ ಹೆಚ್ಚು ವಾಲಿತ್ತು. ಫಾರ್ಮಸಿಯವರದು ಹಿಂದಿತ್ತು. ಇದರಲ್ಲಿ ಯಾರೂ ಹೆಮ್ಮೆಪಡುವುದೂ ಬೇಡ, ಬೇಜಾರಾಗುವುದೂ ಬೇಡ. ರೋಗಿಯ ಕಡೆಯಿಂದ ನೋಡಿ. ಬೆಳಿಗ್ಗೆ ಫಿಸಿಯೋ ‘ನಡೆಯಿರಿ’ ಎನ್ನುತ್ತಾರೆ. ಮಧ್ಯಾಹ್ನ ವಾರ್ಡಿನ ಸಿಸ್ಟರ್ ‘ಅಯ್ಯೋ, ಎದ್ದು ಓಡಾಡಬೇಡಿ’ ಎನ್ನುತ್ತಾರೆ. ಸಂಜೆ ಮೆಡಿಕಲ್ ಶಾಪಿನವರು ‘ಡಿಸ್ಕ್ ಪ್ರಾಬ್ಲಮ್ಮಾ? ಬೆಲ್ಟ್ ಹಾಕ್ಕೊಳ್ಳಿ’ ಎನ್ನುತ್ತಾರೆ. ಆ ಮನುಷ್ಯ ಯಾರ ಮಾತು ಕೇಳಬೇಕು? ಭಯ ಇದ್ದವರು ಭಯದ ಮಾತನ್ನೇ ಆರಿಸಿಕೊಳ್ಳುತ್ತಾರೆ. ನಿಮ್ಮ ಮೂರೂ ಕೋರ್ಸಿನವರನ್ನು ಇಲ್ಲಿ ಒಟ್ಟಿಗೆ ಕೂರಿಸಿದ್ದು ಇದಕ್ಕೇ.

ನನಗೆ ಧೈರ್ಯ ಕೊಡುವ ಸಂಗತಿ ಒಂದಿದೆ. ಸಿಡ್ನಿಯಲ್ಲಿ ಫಿಸಿಯೋಥೆರಪಿ ವಿದ್ಯಾರ್ಥಿಗಳಿಗೆ ದೀರ್ಘಕಾಲದ ಸೊಂಟ ನೋವಿನ ಬಗ್ಗೆಯೇ ಒಂದು ಪಾಠಮಾಲೆ ಮಾಡಿ, ಮೊದಲೂ ಆಮೇಲೂ ಇದೇ ಪ್ರಶ್ನಾವಳಿ ಕೊಟ್ಟರು. 2004ರಲ್ಲಿ ಅದು ಪ್ರಕಟವಾಯಿತು. ನಂಬಿಕೆ ಬದಲಾಗಿತ್ತು. ವರ್ಷದ ನಂತರವೂ ಆ ಬದಲಾವಣೆ ಉಳಿದಿತ್ತು. ಅಂದರೆ ಇದು ಹುಟ್ಟುಗುಣವಲ್ಲ, ಕಲಿಸಿದರೆ ಬರುತ್ತದೆ.

ಆದರೆ ಎಷ್ಟು ಕಲಿಸುತ್ತೇವೆ? ಬ್ರಿಟನ್ನಿನಲ್ಲಿ 2011ರಲ್ಲಿ ಲೆಕ್ಕ ಹಾಕಿದರು. ಎಂಬಿಬಿಎಸ್ ಥರದ ಕೋರ್ಸಿನಲ್ಲಿ ನೋವಿನ ಬಗ್ಗೆ ಪಾಠ ಸರಾಸರಿ 13 ಗಂಟೆ. ಪಶುವೈದ್ಯ ಕೋರ್ಸಿನಲ್ಲಿ 27 ಗಂಟೆ. ಮಾತು ಬಾರದ ಹಸುವಿನ ನೋವಿಗೆ ಕೊಡುವ ಪಾಠದ ಅರ್ಧದಷ್ಟು, ಮಾತಾಡುವ ಮನುಷ್ಯನ ನೋವಿಗೆ. ನಮ್ಮಲ್ಲಿ 2019ರಿಂದ ಎಂಬಿಬಿಎಸ್‌ಗೆ ಹೊಸ ಪಠ್ಯಕ್ರಮ ಬಂದಿದೆ. ರೋಗಿಯ ಜೊತೆ ನಡೆದುಕೊಳ್ಳುವುದು, ಮಾತಾಡುವುದು, ನೀತಿ ಎಲ್ಲ ಸೇರಿ ಏಟ್‌ಕಾಮ್ ಎಂಬ ಭಾಗವೇ ಇದೆ. ಒಳ್ಳೆಯದು. ಅದನ್ನು ಅಟೆಂಡೆನ್ಸ್‌ಗಾಗಿ ಕೂರುವ ಕ್ಲಾಸ್ ಮಾಡಿಕೊಳ್ಳಬೇಡಿ.

ಕ್ಲಾಸಿಗಿಂತ ಕಾರಿಡಾರಿನಲ್ಲೇ ನಾವು ಜಾಸ್ತಿ ಕಲಿಯುವುದು. ಅಮೆರಿಕದ ಜೆಫರ್ಸನ್ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳಲ್ಲಿ ರೋಗಿಯ ಬಗೆಗಿನ ಸಹಾನುಭೂತಿ ಯಾವ ವರ್ಷ ಎಷ್ಟಿದೆ ಎಂದು ಅಳೆದ ಅಧ್ಯಯನ 2009ರಲ್ಲಿ ಬಂತು. ಮೂರನೇ ವರ್ಷದಲ್ಲಿ ಅದು ಚೆನ್ನಾಗಿ ಕುಸಿದಿತ್ತು. ಮೂರನೇ ವರ್ಷ ಎಂದರೆ ವಿದ್ಯಾರ್ಥಿಗಳು ವಾರ್ಡಿಗೆ ಕಾಲಿಡುವ ವರ್ಷ. ರೋಗಿಗಳನ್ನು ಹತ್ತಿರದಿಂದ ನೋಡಿದರೆ ಕರುಣೆ ಹೆಚ್ಚಬೇಕಿತ್ತಲ್ಲವೇ? ಕಡಿಮೆಯಾಯಿತು. ನನಗೆ ಇದು ಆಶ್ಚರ್ಯ ಅನಿಸಲಿಲ್ಲ. ನಿದ್ದೆ ಇಲ್ಲ, ಊಟದ ಹೊತ್ತಿಲ್ಲ, ಒಪಿಡಿಯಲ್ಲಿ ನೂರು ಜನ, ಸೀನಿಯರ್ ಬೈಯುತ್ತಾರೆ. ಆಗ ಕೈಗೆ ಸಿಗುವ ಸುಲಭದ ಮಾತು ‘ಇನ್ನೊಂದು ಎಲ್‌ಬಿಎ’. ಸೀನಿಯರ್ ಹಾಗಂದರು, ನೀವು ಹಾಗಂತೀರಿ, ಮುಂದಿನ ವರ್ಷ ನಿಮ್ಮ ಜೂನಿಯರ್ ಹಾಗಂತಾರೆ. ನನ್ನ ಸೀನಿಯರ್ ತಲೆಯಾಡಿಸಿದ ಆ ಒಂದು ಕ್ಷಣ, ನಾನು ಓದಿದ ಎಷ್ಟೋ ಪುಟಗಳಿಗಿಂತ ಗಟ್ಟಿಯಾಗಿ ನನ್ನೊಳಗೆ ಕೂತಿತ್ತು.

ಯಾರನ್ನು ಹೆಚ್ಚು ಅನುಮಾನಿಸುತ್ತೇವೆ ಅನ್ನುವುದನ್ನೂ ಗಮನಿಸಿ. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಬಿಳಿಯ ವೈದ್ಯ ವಿದ್ಯಾರ್ಥಿಗಳು ಮತ್ತು ರೆಸಿಡೆಂಟ್‌ಗಳನ್ನು (ತರಬೇತಿಯಲ್ಲಿರುವ ವೈದ್ಯರನ್ನು) ಕೇಳಿದಾಗ, ಸುಮಾರು ಅರ್ಧ ಜನ ಕಪ್ಪು ಜನರ ದೇಹದ ಬಗ್ಗೆ ಒಂದಾದರೂ ಸುಳ್ಳು ನಂಬಿಕೆ ಇಟ್ಟುಕೊಂಡಿದ್ದರು. ಅವರ ಚರ್ಮ ದಪ್ಪ ಅನ್ನುವಂಥವು. ಹಾಗೆ ನಂಬಿದವರು ಕಪ್ಪು ರೋಗಿಯ ನೋವನ್ನು ಕಡಿಮೆ ಎಂದು ಎಣಿಸಿದರು. ಇದು 2016ರ ಅಧ್ಯಯನ. ಆ ದೇಶದ ಚರಿತ್ರೆ ಬೇರೆ, ನಮ್ಮದು ಬೇರೆ. ಆದರೆ ನಮ್ಮ ಒಪಿಡಿಯಲ್ಲಿ ‘ಇವರಿಗೆ ಅಭ್ಯಾಸ ಇರುತ್ತೆ ಬಿಡಿ’ ಎಂದು ನಾವು ಯಾರ ಬಗ್ಗೆ ಹೇಳುತ್ತೇವೆ? ಹಮಾಲಿ ಮಾಡುವವರ ಬಗ್ಗೆ, ನಾಟಿ ಮಾಡುವ ಹೆಂಗಸರ ಬಗ್ಗೆ, ಪೌರಕಾರ್ಮಿಕರ ಬಗ್ಗೆ. ರಜೆಯ ಚೀಟಿ ಕೇಳಿದ ಕೂಡಲೇ ಯಾರ ಮೇಲೆ ಅನುಮಾನ ಬರುತ್ತದೆ? ದಿನಗೂಲಿಯವರ ಮೇಲೆ. ಸಾಫ್ಟ್‌ವೇರ್ ಕಂಪನಿಯವರು ಕೇಳಿದರೆ ‘ಕೂತು ಕೂತು ಹೀಗಾಗಿದೆ ಪಾಪ’ ಎನ್ನುತ್ತೇವೆ. ಒಂದು ದಿನ ರಜೆ ಹಾಕಿದರೆ ಕೂಲಿ ಹೋಗುತ್ತದೆ ಎಂದು ಗೊತ್ತಿದ್ದೂ ಆಸ್ಪತ್ರೆಗೆ ಬಂದವರು ಸುಮ್ನೆ ಬಂದಿರುತ್ತಾರಾ?

‘ಬಾಣಂತನ ಸರಿ ಆಗಲಿಲ್ಲ, ಅದಕ್ಕೇ ಸೊಂಟ ಹಿಡಿದಿದೆ’ ಎನ್ನುವ ಅಮ್ಮಂದಿರು ಬರುತ್ತಾರೆ. ‘ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟರು, ಅವತ್ತಿನಿಂದ ಶುರು’ ಎನ್ನುವವರು ಬರುತ್ತಾರೆ. ನೀವು ನಿಮ್ಮ ಗೆಳತಿಯ ಮುಖ ನೋಡಿ ನಗುತ್ತೀರಿ. ನಾನು ನೋಡಿದ್ದೇನೆ. ಕಾರಣ ತಪ್ಪಿರಬಹುದು. ಆದರೆ ಆ ಮಾತಿನ ಹಿಂದೆ ಏನಿದೆ ಕೇಳಿದ್ದೀರಾ? ‘ಬಾಣಂತನ ಸರಿ ಆಗಲಿಲ್ಲ’ ಎಂದರೆ, ಹದಿನೈದನೇ ದಿನಕ್ಕೆ ನೀರು ಹೊರಲು ಹಚ್ಚಿದರು ಎಂದಿರಬಹುದು. ತವರಿಗೆ ಕಳಿಸಲಿಲ್ಲ ಎಂದಿರಬಹುದು. ಅವರು ಒಂದು ವರ್ಷದ ಕಷ್ಟವನ್ನು ಒಂದು ಮಾತಿನಲ್ಲಿ ನಿಮ್ಮ ಕೈಗೆ ಇಡುತ್ತಿದ್ದಾರೆ.

ಭಾಷೆಯ ವಿಷಯ ಬಂತು. ನಿಮ್ಮಲ್ಲಿ ಎಷ್ಟೋ ಜನ ಹೊರ ರಾಜ್ಯದವರು, ಈಗಷ್ಟೇ ಕನ್ನಡ ಕಲಿಯುತ್ತಿದ್ದೀರಿ. ನಿಮ್ಮ ಶ್ರಮ ನನಗೆ ಗೊತ್ತು. ಕನ್ನಡದವರಿಗೂ ಒಂದು ಮಾತು: ನಿಮ್ಮ ಊರಿನ ಕನ್ನಡ ಒಂದೇ ಕನ್ನಡವಲ್ಲ. ಒಬ್ಬರು ‘ಸೊಂಟ ಹಿಡ್ಕೊಂಡಿದೆ’ ಎನ್ನುತ್ತಾರೆ. ಕಲಬುರಗಿ ಕಡೆಯವರು ‘ನಡಾ ಬ್ಯಾನಿ ಆಗ್ಯಾದ್ರಿ’ ಎನ್ನುತ್ತಾರೆ. ಎಳೀತದೆ, ಸೆಳೀತದೆ, ಚುಚ್ಚುತ್ತೆ, ಉರಿಯುತ್ತೆ, ಜೋಮು ಹಿಡಿಯುತ್ತೆ, ಮರಗಟ್ಟಿದೆ, ಇರುವೆ ಹರಿದಂಗಾಗುತ್ತೆ. ಇವೆಲ್ಲ ಬೇರೆ ಬೇರೆ ಸುದ್ದಿಗಳು. ಕೇಸ್ ಷೀಟಿನಲ್ಲಿ ಎಲ್ಲವೂ ‘ಡಲ್ ಏಕಿಂಗ್ ಪೇನ್’ ಆಗಿಬಿಡುತ್ತವೆ.

ಇದು ಬರೀ ಸೌಜನ್ಯದ ಪ್ರಶ್ನೆ ಅಂದುಕೊಳ್ಳಬೇಡಿ. ಇಪ್ಪತ್ತೈದರ ಹುಡುಗ ‘ಬೆಳಿಗ್ಗೆ ಎದ್ದಾಗ ಬೆನ್ನು ಕಟ್ಟಿಗೆ ಥರ ಇರುತ್ತೆ, ಓಡಾಡಿದ ಮೇಲೆ ಸಡಿಲ ಆಗುತ್ತೆ’ ಎಂದರೆ ಅದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಬೆನ್ನುಮೂಳೆಯ ಕೀಲುಗಳ ಉರಿಯೂತ ಇರಬಹುದು. ಎಲ್‌ಬಿಎ ಎಂದು ನೋವಿನ ಮಾತ್ರೆ ಕೊಟ್ಟು ಕಳಿಸಿ ಕಳಿಸಿ ಇಂಥ ಹುಡುಗರು ವರ್ಷಗಟ್ಟಲೆ ಕಳೆದುಹೋಗುತ್ತಾರೆ. ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಎಬ್ಬಿಸುವ ನೋವು ಎಂದರೆ ನಮ್ಮ ದೇಶದಲ್ಲಿ ಬೆನ್ನುಮೂಳೆಯ ಟಿಬಿ ನೆನಪಾಗಬೇಕು. ‘ಮೂತ್ರ ಹೋಗೋದು ಕಷ್ಟ, ಕೂರುವ ಜಾಗದಲ್ಲಿ ಮರಗಟ್ಟಿದೆ’ ಎಂದರೆ ಅದು ಅವತ್ತೇ ನೋಡಬೇಕಾದ ತುರ್ತು. ‘ನಾಟಕ’ ಎಂದು ಮೊದಲೇ ನಿರ್ಧರಿಸಿದವರಿಗೆ ಇವು ಯಾವುವೂ ಕೇಳಿಸುವುದಿಲ್ಲ.

ಒಂದರಿಂದ ಹತ್ತರಲ್ಲಿ ನೋವು ಎಷ್ಟು ಎಂದು ಕೇಳಲು ನಿಮಗೆ ಕಲಿಸಿದ್ದೇವೆ. ‘ಹನ್ನೆರಡು’ ಎಂದರೆ ನಗಬೇಡಿ. ಇಲ್ಲಿಯವರೆಗೆ ಯಾರೂ ಸರಿಯಾಗಿ ಕೇಳಿಲ್ಲ ಎಂದು ಅವರು ಹೇಳುತ್ತಿದ್ದಾರೆ. ನಮ್ಮ ಹಿರಿಯರಿಗೆ ಬೇರೆ ಅಳತೆ ಇದೆ. ‘ರೂಪಾಯಿಗೆ ಎಷ್ಟಾಣೆ ವಾಸಿ?’ ಎಂದು ಕೇಳಿ. ‘ಆರಾಣೆ’ ಎಂದು ತಟ್ಟನೆ ಹೇಳುತ್ತಾರೆ.

ಆಡುವ ಮಾತಿನ ಬಗ್ಗೆ ಇನ್ನೊಂದು. 2013ರಲ್ಲಿ ನ್ಯೂಜಿಲೆಂಡಿನಲ್ಲಿ ಸೊಂಟ ನೋವಿನವರನ್ನು ಕೂರಿಸಿ ಮಾತಾಡಿಸಿದ ಅಧ್ಯಯನ ಬಂತು. ತಮ್ಮ ಬೆನ್ನಿನ ಬಗ್ಗೆ ಅವರು ನಂಬಿದ್ದಕ್ಕೆಲ್ಲ ಮುಖ್ಯ ಮೂಲ ಡಾಕ್ಟರು, ಫಿಸಿಯೋ ಆಡಿದ ಮಾತು. ಎಂದೋ ಕೇಳಿದ ಒಂದು ವಾಕ್ಯ ವರ್ಷಗಟ್ಟಲೆ ಉಳಿದಿತ್ತು. ಒಳ್ಳೆಯ ಮಾತೂ ಹಾಗೆಯೇ ಉಳಿದಿತ್ತು. ನಮ್ಮಲ್ಲಿ ‘ಮೂಳೆ ಸವೆದಿದೆ’, ‘ಗ್ಯಾಪ್ ಬಂದಿದೆ’, ‘ಡಿಸ್ಕ್ ಜಾರಿದೆ’, ‘ಇನ್ನು ಹುಷಾರಾಗಿರಬೇಕು ಜೀವನಪೂರ್ತಿ’ ಎನ್ನುತ್ತೇವೆ. ನಿಮಗೆ ಅದು ದಿನದ ನಲವತ್ತನೇ ರೋಗಿಗೆ ಹೇಳಿದ ಮಾತು. ಅವರು ಅದನ್ನು ಬಸ್ಸಿನಲ್ಲಿ ಊರಿಗೆ ಹೊತ್ತುಕೊಂಡು ಹೋಗುತ್ತಾರೆ.

ಹಾಗಾದರೆ ಏನು ಹೇಳುವುದು? ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟ ನೋವಿಗೆ ಮೊದಲ ಬಾರಿಗೆ ಮಾರ್ಗಸೂಚಿ ಹೊರಡಿಸಿತು. 2020ರಲ್ಲಿ ಜಗತ್ತಿನಲ್ಲಿ 61.9 ಕೋಟಿ ಜನರಿಗೆ ಸೊಂಟ ನೋವಿತ್ತು. 2050ಕ್ಕೆ 84.3 ಕೋಟಿ ಆಗಬಹುದು ಎಂಬ ಅಂದಾಜಿದೆ. ಆ ಮಾರ್ಗಸೂಚಿ ಬೇಕು ಎನ್ನುವುದು: ರೋಗಿಗೆ ತಿಳಿಹೇಳುವುದು, ವ್ಯಾಯಾಮ, ಮನಸ್ಸಿನ ಕಡೆಯ ಚಿಕಿತ್ಸೆ, ಮಸಾಜ್‌ನಂಥ ಕೆಲವು ಕೈಚಿಕಿತ್ಸೆ, ಕೆಲವು ನೋವು ನಿವಾರಕ. ಬೇಡ ಎನ್ನುವುದು: ಸೊಂಟದ ಬೆಲ್ಟ್, ಟ್ರ್ಯಾಕ್ಷನ್ (ಬೆನ್ನನ್ನು ಎಳೆದು ಹಿಡಿಯುವ ಚಿಕಿತ್ಸೆ), ಅಫೀಮು ಜಾತಿಯ ನೋವಿನ ಮಾತ್ರೆ. ನಮ್ಮ ಎಷ್ಟೋ ಡಿಪಾರ್ಟ್‌ಮೆಂಟುಗಳಲ್ಲಿ ಟ್ರ್ಯಾಕ್ಷನ್ ಮೆಷಿನ್ ಮುಂದೆ ಈಗಲೂ ಕ್ಯೂ ಇದೆ. ಆ ಬಗ್ಗೆ ನಿಮ್ಮ ಟೀಚರ್‌ಗಳನ್ನು ಧೈರ್ಯವಾಗಿ ಕೇಳಿ. ನನ್ನನ್ನೂ ಕೇಳಿ. ಹಾಸಿಗೆ ಹಿಡಿಸುವುದರ ಬಗ್ಗೆ ಎಚ್ಚರ ಕೊಟ್ಟದ್ದಂತೂ ತುಂಬಾ ಹಿಂದೆ. ಆಗಷ್ಟೇ ಬಂದ ಸೊಂಟ ನೋವಿಗೂ ಏಳು ದಿನ ಮಲಗುವುದರಿಂದ ಎರಡು ದಿನ ಮಲಗುವುದಕ್ಕಿಂತ ಹೆಚ್ಚಿನ ಲಾಭವಿಲ್ಲ ಎಂದು 1986ರಲ್ಲೇ ತೋರಿಸಿದ್ದರು. ಸಾಧ್ಯವಾದಷ್ಟು ಮಾಮೂಲಿಯಾಗಿ ಇದ್ದವರೇ ಬೇಗ ಸುಧಾರಿಸಿದರು ಎಂದು 1995ರಲ್ಲಿ ಹೆಲ್ಸಿಂಕಿಯಿಂದ ವರದಿ ಬಂತು. ನಾನು ಆ ಯಜಮಾನರಿಗೆ ‘ಮಲಗಿ’ ಎಂದದ್ದು ಇದೆಲ್ಲ ಬಂದು ಎಷ್ಟೋ ವರ್ಷದ ಮೇಲೆ.

ಅವರಿಗೆ ಆಮೇಲೆ ಏನಾಯಿತು ಎಂದು ಕೇಳುತ್ತೀರಿ. ಮೊದಲು ನಾನು ಅವರ ಕ್ಷಮೆ ಕೇಳಿದೆ. ‘ನಾನು ಹೇಳಿದ್ದು ತಪ್ಪು, ನಿಮ್ಮ ಬೆನ್ನು ಗಟ್ಟಿಯಾಗಿಯೇ ಇದೆ’ ಎಂದೆ. ಅವರು ನಂಬಲಿಲ್ಲ. ಯಾಕೆ ನಂಬಬೇಕು? ‘ಆವತ್ತು ಒಂದು ಹೇಳಿದ್ರಿ, ಇವತ್ತು ಒಂದು’ ಎಂದರು. ಫಿಲ್ಮಿನ ಲೆಕ್ಕ ಹೇಳಿದೆ, ನಾಯಿಯ ಕಥೆ ಹೇಳಿದೆ. ನಾಯಿಯ ಕಥೆಗೆ ಸ್ವಲ್ಪ ತಲೆದೂಗಿದರು. ನಿಮಗೆ ಮತ್ತೆ ಏನು ಮಾಡಲು ಆಸೆ ಎಂದು ಕೇಳಿದೆ. ‘ಬಿದ್ದ ಅಡಿಕೆ ಹೆಕ್ಕಬೇಕು’ ಎಂದರು. ಅಷ್ಟೇ. ಮೊದಲ ವಾರ ತೋಟದ ದಣಪೆಯವರೆಗೆ ನಡೆದು ಬರುವುದು. ಆಮೇಲೆ ದಿನಕ್ಕೆ ಹತ್ತು ಅಡಿಕೆ ಬಗ್ಗಿ ಹೆಕ್ಕುವುದು, ನೋವಿದ್ದರೂ ಹತ್ತು, ಇಲ್ಲದಿದ್ದರೂ ಹತ್ತು. ಆಮೇಲೆ ಇಪ್ಪತ್ತು. ಬೆಲ್ಟ್ ಬಿಚ್ಚಲು ಮೂರು ತಿಂಗಳು ಬೇಕಾಯಿತು. ನಡುವೆ ಎರಡು ಸಲ ನೋವು ಕೆರಳಿ ‘ಇನ್ನು ಆಗಲ್ಲಮ್ಮ’ ಎಂದು ಫೋನ್ ಮಾಡಿದ್ದರು. ನೋವು ಪೂರ್ತಿ ಹೋಗಲೇ ಇಲ್ಲ. ಕೊನೆಯ ಸಲ ನೋಡಿದಾಗ ‘ಹತ್ತಾಣೆ ವಾಸಿ’ ಎಂದರು. ಮತ್ತೆ ಒಂದು ಹಸು ಕಟ್ಟಿದ್ದರು.

ಹೋದ ವರ್ಷ ಕೇರಳದ ಒಬ್ಬ ವಿದ್ಯಾರ್ಥಿನಿ ನನಗೆ ಕೇಸ್ ಷೀಟ್ ತಂದು ತೋರಿಸಿದಳು. ಎಲ್‌ಬಿಎ ಎಂದು ಬರೆದ ಕೆಳಗೆ ಒಂದು ಸಾಲು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದಳು. ರೋಗಿ ಹೇಳಿದ್ದನ್ನು ಕೇಳಿದ ಹಾಗೆಯೇ ಬರೆದುಕೊಂಡು, ಅರ್ಥ ಕೇಳಲು ಬಂದಿದ್ದಳು. ‘ಮೊಮ್ಮಗೂನ ಎತ್ಕೊಳಕ್ಕೆ ಹೆದರ್ಕೆ, ನಾನೂ ಬೀಳ್ತೀನಿ ಅದನ್ನೂ ಬೀಳಿಸ್ತೀನಿ ಅಂತ.’ ಹದಿನೈದು ನಿಮಿಷ ಅವಳು ಅವರ ಜೊತೆ ಕೂತಿದ್ದಳಂತೆ. ಅವರ ಚಿಕಿತ್ಸೆ ಆ ಸಾಲಿನಿಂದ ಶುರುವಾಯಿತು. ಮೊದಲು ಎರಡು ಕೆಜಿ ಅಕ್ಕಿ ಚೀಲ ಎತ್ತಿಸಿದೆವು.

ಸೋಮವಾರ ಬರುವಾಗ ಅಂಥ ಒಂದು ಸಾಲಿಗೆ ಜಾಗ ಬಿಟ್ಟುಕೊಂಡು ಬನ್ನಿ. ಎಲ್‌ಬಿಎ ಕೆಳಗೆ, ಅವರದೇ ಮಾತಿನಲ್ಲಿ. ಸಂಜೆ ನಾಲ್ಕಕ್ಕೆ ನಾವು ಕೂತು ಆ ಸಾಲುಗಳನ್ನು ಓದೋಣ. ಈಗ ನಿಮ್ಮ ಪ್ರಶ್ನೆ ಕೇಳಿ. ಹಿಂದಿನ ಸಾಲಿನಲ್ಲಿ ಆಗಿನಿಂದ ಒಬ್ಬರು ಕೈ ಎತ್ತಿದ್ದಾರೆ, ಅವರಿಂದಲೇ ಶುರು ಮಾಡೋಣ.